ಅಳತೆಗೋಲಿಗೊಂದು ಅಳತೆಗೋಲು

ನಮ್ಮೂರ ಸಂತೆಯಲ್ಲಿ ಕಾಳು ಅಳೆಸುವಾಗ ಹಿರಿಯರು ಮೊದಲು ನೋಡುತ್ತಿದ್ದುದು ಕಾಳನ್ನಲ್ಲ, ಸೇರನ್ನು. ಅದರ ತಳ ಒಳಕ್ಕೆ ತಗ್ಗಿದೆಯೇ, ಅಂಚು ಸವೆದಿದೆಯೇ, ಸರಕಾರದ ಮುದ್ರೆ ಇದೆಯೇ ಎಂದು ತಿರುಗಿಸಿ ನೋಡಿದ ಮೇಲೆಯೇ ಚೀಲ ಬಿಚ್ಚುತ್ತಿದ್ದರು. ಸೇರು ಸುಳ್ಳಾದರೆ ಅಳೆದುದೆಲ್ಲವೂ ಸುಳ್ಳು. ಈ ಮಾತು ಸಂತೆಗೆಷ್ಟು ಸಲ್ಲುತ್ತದೆಯೋ ವಿಜ್ಞಾನಕ್ಕೂ ಅಷ್ಟೇ ಸಲ್ಲುತ್ತದೆ ಎಂಬುದು ನನಗೆ ಮನದಟ್ಟಾದುದು ಮುಂಬಯಿಯಲ್ಲಿ, ಒಂದು ಹಳೆಯ ಉಪಕರಣವನ್ನು ಕೊಂಡಾಗ. ಆ ಕತೆಗೆ ಬರುವ ಮೊದಲು ಸ್ವಲ್ಪ ಇತಿಹಾಸ.

ಬೆಳಕು ಅಲೆಯಾಗಿ ಸಾಗುತ್ತದೆ. ಒಂದು ಅಲೆಯ ಶಿಖರದಿಂದ ಮುಂದಿನ ಶಿಖರಕ್ಕಿರುವ ದೂರವೇ ತರಂಗಾಂತರ. ಈ ದೂರವನ್ನು ಶಾಸ್ತ್ರೀಯವಾಗಿ ಅಳೆದವರಲ್ಲಿ ಸ್ವೀಡನ್ನಿನ ಆಂಗ್‌ಸ್ಟ್ರಾಮ್ ಪ್ರಮುಖ. ಸೂರ್ಯನ ಬೆಳಕಿನಲ್ಲಿ ಕಾಣುವ ಸಾವಿರದಷ್ಟು ರೇಖೆಗಳ ತರಂಗಾಂತರಗಳನ್ನು ಆತ 1868ರಲ್ಲಿ ಪ್ರಕಟಿಸಿದ. ಮಿಲಿಮೀಟರಿನ ಕೋಟಿಯಲ್ಲೊಂದು ಭಾಗಕ್ಕೆ ಇಂದಿಗೂ ಅವನದೇ ಹೆಸರು. ಆದರೆ ದುರ್ದೈವ ನೋಡಿ: ಅವನು ನೆಚ್ಚಿಕೊಂಡಿದ್ದ ಉಪ್ಸಾಲದ ಮೀಟರ್ ಸರಳಿನ ಉದ್ದದಲ್ಲಿಯೇ ತಪ್ಪಿತ್ತು. ಕೆಲಸದಲ್ಲಿ ಲೋಪವಿರಲಿಲ್ಲ, ಕಣ್ಣಿನಲ್ಲಿ ದೋಷವಿರಲಿಲ್ಲ, ಸೇರೇ ಸುಳ್ಳಾಗಿತ್ತು. ಅವನು 1874ರಲ್ಲಿ ತೀರಿಕೊಂಡ. ಅವನ ಅಂಕಿಗಳ ತಿದ್ದುಪಡಿಯನ್ನು ಪ್ರಕಟಿಸುವ ಭಾರ ಅನಂತರ ಸಹೋದ್ಯೋಗಿ ಥಲೇನನ ಪಾಲಿಗೆ ಬಂತು.

ಮೀಟರಿನಿಂದ ಬೆಳಕನ್ನು ಅಳೆಯುವ ಬದಲು ಬೆಳಕಿನಿಂದಲೇ ಮೀಟರನ್ನು ಅಳೆದರೆ ಹೇಗೆ? ಅಮೆರಿಕದ ಮೈಕೆಲ್ಸನ್ 1892-93ರಲ್ಲಿ ಪ್ಯಾರಿಸಿನ ಬಳಿಯ ಸೆವ್ರ್‌ನಲ್ಲಿ ಇದನ್ನೇ ಮಾಡಿದ. ಕ್ಯಾಡ್ಮಿಯಂ ದೀಪದ ಕೆಂಪು ಬೆಳಕಿನ 15,53,163.5 ಅಲೆಗಳು ಸಾಲಾಗಿ ನಿಂತರೆ ಒಂದು ಮೀಟರು ಎಂದು ಲೆಕ್ಕ ಹಾಕಿದ. ಲೋಹದ ಸರಳು ಬಾಗಬಹುದು, ಕಳೆದುಹೋಗಬಹುದು. ಪರಮಾಣುವಿನ ಬೆಳಕಿಗೆ ಆ ಭಯವಿಲ್ಲ. ಕೊನೆಗೆ 1960ರ ಅಕ್ಟೋಬರಿನಲ್ಲಿ ಅಂತರರಾಷ್ಟ್ರೀಯ ಸಮ್ಮೇಳನವು ಸರಳನ್ನು ಕೈಬಿಟ್ಟು, ಕ್ರಿಪ್ಟಾನ್-86ರ ಕಿತ್ತಳೆ-ಕೆಂಪು ಬೆಳಕಿನ 16,50,763.73 ಅಲೆಗಳೇ ಮೀಟರ್ ಎಂದು ಸಾರಿತು.

ವಿಚಿತ್ರವೆಂದರೆ ಅದೇ ವರ್ಷ ಮೇ 16ರಂದು ಮೈಮನ್ ಮೊದಲ ಲೇಸರನ್ನು ಬೆಳಗಿಸಿಯಾಗಿತ್ತು. ಕ್ರಿಪ್ಟಾನ್ ಪಟ್ಟಕ್ಕೇರುವ ಮೊದಲೇ ಅದನ್ನು ಇಳಿಸುವವನು ಹುಟ್ಟಿಬಿಟ್ಟಿದ್ದ! ಅದೇ ಡಿಸೆಂಬರಿನಲ್ಲಿ ಹೀಲಿಯಂ-ನಿಯಾನ್ ಲೇಸರ್ ಬಂತು. 1962ರಲ್ಲಿ ಅದರಿಂದ ಕಣ್ಣಿಗೆ ಕಾಣುವ ಕೆಂಪು ಕಿರಣ ದೊರೆಯಿತು. ನಮ್ಮ ನೆರೆಯ ಬಾರಾಮತಿಯಲ್ಲಿ ಹುಟ್ಟಿ, ಪುಣೆಯ ಇಂಜಿನಿಯರಿಂಗ್ ಕಾಲೇಜಿನಲ್ಲಿ ಓದಿದ ಕುಮಾರ ಪಟೇಲರು 1964ರಲ್ಲಿ ಬೆಲ್ ಪ್ರಯೋಗಶಾಲೆಯಲ್ಲಿ ಇಂಗಾಲದ ಡೈಆಕ್ಸೈಡ್ ಲೇಸರನ್ನು ಕಂಡುಹಿಡಿದರು. ಬೆಳಕಿನ ವೇಗವನ್ನು ಲೇಸರಿನಿಂದ ಅತಿ ನಿಖರವಾಗಿ ಅಳೆಯಲು ಸಾಧ್ಯವಾದ ಮೇಲೆ, 1983ರಲ್ಲಿ ಮೀಟರಿಗೆ ಹೊಸ ಅರ್ಥ ಬಂತು: ಬೆಳಕು ನಿರ್ವಾತದಲ್ಲಿ ಒಂದು ಸೆಕೆಂಡಿನ 29,97,92,458ನೆಯ ಒಂದು ಭಾಗದಲ್ಲಿ ಸಾಗುವ ದೂರ. ದೆಹಲಿಯ ರಾಷ್ಟ್ರೀಯ ಭೌತ ಪ್ರಯೋಗಾಲಯದಲ್ಲಿ ನಮ್ಮ ದೇಶದ ಮೀಟರಿಗೆ ಆಧಾರವಾಗಿರುವುದೂ ಅಯೊಡಿನ್ ಆವಿಯಿಂದ ಸ್ಥಿರಗೊಳಿಸಿದ ಹೀಲಿಯಂ-ನಿಯಾನ್ ಲೇಸರೇ.

ಅಷ್ಟರಲ್ಲಿ ಬಣ್ಣ ಬದಲಿಸಬಲ್ಲ ಡೈ ಲೇಸರುಗಳು ಬಂದಿದ್ದವು. ತಿರುಪು ತಿರುಗಿಸಿದಂತೆ ಬಣ್ಣ ಸರಿಯುವ ಈ ಲೇಸರು ಈ ಕ್ಷಣದಲ್ಲಿ ಎಲ್ಲಿ ನಿಂತಿದೆ ಎಂದು ತಿಳಿಯುವುದು ಹೇಗೆ? 1976ರಲ್ಲಿ ಬೋಲ್ಡರಿನಲ್ಲಿ ಹಾಲ್ ಮತ್ತು ಲೀ, ಸ್ಟ್ಯಾನ್‌ಫರ್ಡಿನಲ್ಲಿ ಕೊವಾಲ್ಸ್ಕಿ, ಹಾಕಿನ್ಸ್ ಮತ್ತು ಶಾಲೊ ಇದಕ್ಕೆ ಉಪಕರಣ ಕಟ್ಟಿದರು. ಅದೇ ವೇವ್‌ಮೀಟರ್. ಅದರ ಹೂರಣ ಮೈಕೆಲ್ಸನನದೇ. ಗೊತ್ತಿರುವ ಲೇಸರನ್ನೂ ಗೊತ್ತಿಲ್ಲದ ಲೇಸರನ್ನೂ ಒಂದೇ ದಾರಿಯಲ್ಲಿ ಕಳಿಸಿ ಕನ್ನಡಿಯನ್ನು ಸರಿಸುತ್ತಾರೆ. ಕನ್ನಡಿ ಅರ್ಧ ತರಂಗಾಂತರದಷ್ಟು ಸರಿದಾಗಲೆಲ್ಲ ಬೆಳಕು-ನೆರಳಿನ ಒಂದು ಪಟ್ಟಿ ಹಾದುಹೋಗುತ್ತದೆ. ಕನ್ನಡಿ ಒಂದು ಸೆಂಟಿಮೀಟರ್ ಸರಿದರೆ ಕೆಂಪು ಲೇಸರಿಗೆ ಸುಮಾರು 31,600 ಪಟ್ಟಿಗಳು. ಎರಡರ ಪಟ್ಟಿಗಳನ್ನೂ ಎಣಿಸಿ ಭಾಗಿಸಿದರೆ ಗೊತ್ತಿಲ್ಲದುದು ಗೊತ್ತಾಗುತ್ತದೆ.

ಈಗ ನನ್ನ ಕತೆ. ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸುತ್ತಿದ್ದ ದಿನಗಳು. ಹೊಸ ವೇವ್‌ಮೀಟರಿನ ಬೆಲೆ ನಮ್ಮ ವಿಭಾಗದ ಹಲವು ವರ್ಷಗಳ ಅನುದಾನವನ್ನು ನುಂಗುವಂತಿತ್ತು. ಪ್ರಯೋಗಶಾಲೆಯೊಂದು ವಿಲೇವಾರಿ ಮಾಡಿದ್ದ ಹಳೆಯ ಉಪಕರಣ ಒಬ್ಬ ವ್ಯಾಪಾರಿಯ ಬಳಿ ಇದೆಯೆಂದು ಮಿತ್ರರು ತಿಳಿಸಿದರು. ಹೋಗಿ ನೋಡಿದೆ. ಒಳಗಿನ ಲೇಸರ್ ನಳಿಗೆ ಹೊತ್ತಿಕೊಂಡಿತು. ಅದು ದೊಡ್ಡ ಸಮಾಧಾನ. ಹೀಲಿಯಂ ಗಾಜಿನ ಮೂಲಕವೂ ಮೆಲ್ಲಗೆ ಸೋರಿಹೋಗುವ ಅನಿಲ. ಹಳೆಯ ಉಪಕರಣ ಸಾಯುವುದು ಸಾಮಾನ್ಯವಾಗಿ ಈ ನಳಿಗೆಯಿಂದಲೇ. ಕನ್ನಡಿಯ ಗಾಡಿ ತಡವರಿಸದೆ ಓಡಿತು. ಕೊಂಡು ತಂದೆ.

ಕಾಲೇಜಿನ ಕೆಂಪು ಹೀಲಿಯಂ-ನಿಯಾನ್ ಲೇಸರನ್ನೇ ಒಡ್ಡಿ ಪರೀಕ್ಷಿಸಬಹುದಿತ್ತು. ಆದರೆ ಒಳಗಿನ ಆಧಾರವೂ ಅದೇ ಜಾತಿಯದು. ಸೇರನ್ನು ಅದೇ ಸೇರಿನಿಂದ ಅಳೆದರೆ ಒಂದೇ ಸೇರು ಬರುತ್ತದೆ. ಅದರಿಂದ ಏನೂ ಸಿದ್ಧವಾಗದು. ಹಾಗೆಂದು ಹಸಿರು ಹೀಲಿಯಂ-ನಿಯಾನ್ ಲೇಸರೊಂದನ್ನು ಎರವಲು ತಂದೆ. ಅದರ ತರಂಗಾಂತರ 543.516 ನ್ಯಾನೊಮೀಟರ್. ಉಪಕರಣ ತೋರಿಸಿದ್ದು 543.365! ಎಷ್ಟು ಸಲ ಅಳೆದರೂ ಅದೇ. ಹಣ ಹೋಯಿತೆಂದುಕೊಂಡೆ, ವ್ಯಾಪಾರಿಗೆ ಫೋನು ಮಾಡಿ ನಾಲ್ಕು ಮಾತು ಆಡಿಯೂಬಿಟ್ಟೆ.

ಮರುದಿನ ವಿದ್ಯಾರ್ಥಿಯೊಬ್ಬ ಉಪಕರಣದ ಹಿಂಬದಿಯ ಧೂಳೊರೆಸುತ್ತ, “ಸರ್, ಇಲ್ಲೊಂದು ಸ್ವಿಚ್ಚಿದೆ” ಎಂದ. ಒಂದು ಬದಿಗೆ ‘ಗಾಳಿ’, ಇನ್ನೊಂದು ಬದಿಗೆ ‘ನಿರ್ವಾತ’ ಎಂಬ ಇಂಗ್ಲಿಷ್ ಗುರುತು. ಗಾಳಿಯಲ್ಲಿ ಬೆಳಕು ತುಸು ನಿಧಾನ. ಅಲೆಯೂ ಹತ್ತು ಸಾವಿರಕ್ಕೆ ಸುಮಾರು ಮೂರು ಪಾಲಿನಷ್ಟು ಕುಗ್ಗುತ್ತದೆ. ನಾನು ಹಿಡಿದಿದ್ದುದು ನಿರ್ವಾತದ ಅಂಕಿ, ಉಪಕರಣ ಹೇಳಿದ್ದು ಗಾಳಿಯ ಅಂಕಿ. ಎರಡೂ ನಿಜ. ಸ್ವಿಚ್ಚು ಸರಿಸಿದೊಡನೆ 543.516 ಕಣ್ಣೆದುರು ನಿಂತಿತು. ವ್ಯಾಪಾರಿಗೆ ಮತ್ತೆ ಫೋನು ಮಾಡಿ ಕ್ಷಮೆ ಕೇಳಿದೆ.

ಹಳೆಯ ಉಪಕರಣ ಕೊಳ್ಳುವುದು ಅವಮಾನವಲ್ಲ. ಪರೀಕ್ಷಿಸದೆ ನಂಬುವುದೂ ಪರೀಕ್ಷಿಸದೆ ಬಯ್ಯುವುದೂ ತಪ್ಪು. ಆಂಗ್‌ಸ್ಟ್ರಾಮನಿಗೆ ಸೇರು ಸುಳ್ಳಾಗಿತ್ತು. ನನಗೆ ಸೇರು ಸರಿಯಿತ್ತು, ಓದುವವನು ಎಡವಿದ್ದ. ಆ ಉಪಕರಣದಲ್ಲಿ ಅನಂತರ ಎಷ್ಟೋ ಮಕ್ಕಳು ಬೆಳಕನ್ನು ಅಳೆದರು. ಅವರಿಗೆಲ್ಲ ನಾನು ಮೊದಲು ಕಲಿಸಿದ್ದು ಅದರ ಹಿಂಬದಿಯನ್ನು ತಿರುಗಿಸಿ ನೋಡುವುದನ್ನು, ಸಂತೆಯಲ್ಲಿ ಹಿರಿಯರು ಸೇರನ್ನು ನೋಡುತ್ತಿದ್ದಂತೆ.