ಕಾಡುಹಂದಿಯೂ ತ್ರೀ-ನಾಟ್-ತ್ರೀ ಬಂದೂಕೂ

ಶೇಂಗಾ ಹೊಲಕ್ಕೆ ಹಂದಿ ಹಿಂಡು ಬಿತ್ತೆಂದರೆ ಬೆಳೆ ಹೋಗಿ ಸಂಘದ ಸಾಲ ಮಾತ್ರ ಉಳಿಯುತ್ತದೆ. ಆಗ ಕಟ್ಟೆ ಮೇಲೆ ಒಂದೇ ಮಾತು: “ಹಳೇ ಮಿಲ್ಟ್ರಿ ಬಂದೂಕು ಇದ್ರ ಮುಗೀತಿತ್ತು ನೋಡ್ರಿ.”

ಆ ಬಂದೂಕಿನ ಇತಿಹಾಸ ತಿಳಿಯುವುದು ಒಳ್ಳೆಯದು. ಲೀ-ಎನ್‌ಫೀಲ್ಡ್ ಎಂಬ ಈ ತ್ರೀ-ನಾಟ್-ತ್ರೀ ರೈಫಲ್ ಬ್ರಿಟಿಷರ ಸೈನ್ಯದ್ದು. ಎರಡೂ ಮಹಾಯುದ್ಧಗಳಲ್ಲಿ ನಮ್ಮ ಸಿಪಾಯಿಗಳು ಹಿಡಿದದ್ದು ಇದನ್ನೇ. ನಮ್ಮ ರಾಯಚೂರು ಸೀಮೆ ನಿಜಾಮರ ಕೈಯಲ್ಲಿದ್ದಾಗ, 1948ರ ಸೆಪ್ಟೆಂಬರಿನ ಪೊಲೀಸ್ ಕಾರ್ಯಾಚರಣೆಗೆ ಬಂದ ಭಾರತೀಯ ಸೈನ್ಯದ ಹೆಗಲ ಮೇಲೂ ಇದೇ ಇತ್ತು. ಸೈನ್ಯದ ಗುಂಡು ಖಾಸಗಿಯವರ ಕೈಗೆ ಸಿಗಬಾರದೆಂದು ಸರ್ಕಾರ ನಿರ್ಬಂಧ ಹಾಕಿತು. ಅದಕ್ಕೇ ಬಂಗಾಳದ ಇಚ್ಛಾಪುರ ಕಾರ್ಖಾನೆಯಲ್ಲಿ ಅದೇ ಮೈಕಟ್ಟಿನ ಮೇಲೆ 315 ಬೋರಿನ ಶಿಕಾರಿ ರೈಫಲ್ ತಯಾರಾಯಿತು.

1972ರ ವನ್ಯಜೀವಿ ಕಾಯ್ದೆ ಶಿಕಾರಿಗೆ ಕಡಿವಾಣ ಹಾಕಿತು. ಬೆಳೆ ಹಾಳು ಮಾಡುವ ಹಂದಿಯನ್ನು ಹೊಡೆಯಬೇಕಾದರೂ ಅರಣ್ಯ ಅಧಿಕಾರಿಗಳ ಲಿಖಿತ ಅಪ್ಪಣೆ ಬೇಕು.

ಕಾಯ್ದೆಯ ಮಾತು ಹಾಗಿರಲಿ. ಆ ರೈಫಲಿನ ಗುಂಡು ಮೈಲಿ ದಾಟಿ ಹೋಗುತ್ತದೆ. ನಮ್ಮ ಪೋತ್ನಾಳದ ಸುತ್ತ ಎರೆಭೂಮಿಯ ಬಯಲು. ತುಂಗಭದ್ರಾ ಎಡದಂಡೆ ಕಾಲುವೆ ಬಂದ ಮೇಲೆ ರಾತ್ರಿ ಗದ್ದೆಗೆ ನೀರು ಕಟ್ಟುವವರು ಎಲ್ಲ ಕಡೆ ಇರುತ್ತಾರೆ. ಗುರಿ ತಪ್ಪಿದ ಗುಂಡಿಗೆ ಹಂದಿ ಯಾವುದು, ಮನುಷ್ಯ ಯಾರು ಅಂತ ಗೊತ್ತಾಗೋದಿಲ್ಲ.

ಒಬ್ಬನ ಬಂದೂಕಿಗಿಂತ ಹತ್ತು ಮಂದಿಯ ಪಾಳಿ ಕಾವಲು ಮೇಲು. ಬೆಳೆ ಕಳಕೊಂಡವರು ತಡಮಾಡದೆ ಪರಿಹಾರಕ್ಕೆ ಅರಣ್ಯ ಇಲಾಖೆಗೆ ಅರ್ಜಿ ಹಾಕಬೇಕು. ಸಾಲಕ್ಕೆ ಕೂಡಿದವರು ಕಾವಲಿಗೂ ಕೂಡಿದರೆ ಅದೇ ನಿಜವಾದ ಸಹಕಾರ.