ಕಥೆಯಿಂದ ಇಳಿದ ಅನ್ಯಗ್ರಹ ದೇವತೆಗಳು
ಉತ್ಖನನದ ಸಾಕ್ಷ್ಯವನ್ನು ಬದಿಗೊತ್ತಿ ಊಹೆಯನ್ನೇ ಇತಿಹಾಸವೆಂದು ಮಂಡಿಸುವ ಹುಸಿ ಪುರಾತತ್ತ್ವವು ಭಯಾನಕ ಕಥಾಸಾಹಿತ್ಯಕ್ಕೆ ಎಷ್ಟು ಋಣಿಯೆಂಬುದನ್ನು ಅಮೆರಿಕದ ಸ್ವತಂತ್ರ ಲೇಖಕ ಜೇಸನ್ ಕೊಲವಿಟೊ 2005ರ ‘ದಿ ಕಲ್ಟ್ ಆಫ್ ಏಲಿಯನ್ ಗಾಡ್ಸ್’ ಕೃತಿಯಲ್ಲಿ ಎಳೆಎಳೆಯಾಗಿ ಬಿಡಿಸಿ ತೋರಿಸಿದರು. ನಕ್ಷತ್ರಗಳಿಂದ ಇಳಿದುಬಂದ ದೈತ್ಯಶಕ್ತಿಗಳನ್ನು ಮನುಷ್ಯರು ದೇವರೆಂದು ಪೂಜಿಸಿದರೆಂಬ ಕಲ್ಪನೆ ಭಯಾನಕ ಕಥೆಗಾರ ಎಚ್. ಪಿ. ಲವ್‌ಕ್ರಾಫ್ಟ್ 1928ರಲ್ಲಿ ಪ್ರಕಟಿಸಿದ ಕಥೆಯಲ್ಲಿತ್ತು. ಆ ಕಲ್ಪನೆಯೇ 1960ರ ಒಂದು ಫ್ರೆಂಚ್ ಗ್ರಂಥದ ಮೂಲಕ ಹಾದು, 1968ರಲ್ಲಿ ಲೇಖಕ ಎರಿಕ್ ಫಾನ್ ಡ್ಯಾನಿಕೆನ್ ಅವರ ಕೈಯಲ್ಲಿ ಇತಿಹಾಸದ ವೇಷ ತೊಟ್ಟಿತೆಂಬುದು ಕೊಲವಿಟೊ ಅವರ ವಾದ. ಉದಾಹರಣೆಗೆ, ಡ್ಯಾನಿಕೆನ್ ಗಗನಯಾನಿಯೆಂದು ಕರೆದ, ಮೆಕ್ಸಿಕೋದ ಪಲೆಂಕೆಯ ಸಮಾಧಿಶಿಲೆಯ ಆಕೃತಿ 683ರಲ್ಲಿ ಮಡಿದ ಮಾಯಾ ದೊರೆ ಪಕಾಲನದು: ಅವನ ಕೆಳಗಿರುವುದು ರಾಕೆಟ್ಟಿನ ಜ್ವಾಲೆಯಲ್ಲ, ಪಾತಾಳದ ತೆರೆದ ಬಾಯಿ; ಮೇಲೇಳುವುದು ವಿಶ್ವವೃಕ್ಷ, ಅದರ ತುದಿಯಲ್ಲೊಂದು ಹಕ್ಕಿ. ಇಂಥ ಕೆತ್ತನೆಯನ್ನು ಅನ್ಯಗ್ರಹಕ್ಕೆ ಒಪ್ಪಿಸುವುದು ಮಾಯಾ ಶಿಲ್ಪಿಗಳಿಗೆ ಬಗೆದ ಘೋರ ಅನ್ಯಾಯವೇ ಸರಿ.