ಬರಣಿ ಮೀನಿನ ಹಿಂದಿನ ಕಥಿ

ಅಕ್ಕಾರೆ, ಮಗಳ ಹಟಕ್ಕ ಬೈಲಹೊಂಗಲದಾಗ ಒಂದು ಬೆಟ್ಟಾ ಮೀನ ತಂದು ಗಾಜಿನ ಬರಣ್ಯಾಗ ಬಿಟ್ಟಿದ್ದೆ. ಎಂಟು ದಿನಕ್ಕ ಸತ್ತಿತು. ಹುಡುಗಿ ಉಣ್ಣಲೇ ಇಲ್ಲ.

ಇದು ಸಯಾಮದ, ಅಂದ್ರ ಈಗಿನ ಥಾಯ್ಲೆಂಡಿನ ಮೀನ. ನಮ್ಮ ಕಿತ್ತೂರ ಕಡೆ ಇದ್ದಂಥ ಭತ್ತದ ಗದ್ದ್ಯಾಗ ಇರತೈತಿ. ಅಲ್ಲಿ ಕಾಳಗಕ್ಕ ಸಾಕತಿದ್ರು. 1910ರಾಗ ಟೇಟ್ ರೀಗನ್ ಅನ್ನೂ ಇಂಗ್ಲೆಂಡಿನ ಶಾಸ್ತ್ರಜ್ಞ ‘ಬೆಟ್ಟಾ ಸ್ಪ್ಲೆಂಡೆನ್ಸ್’ ಅಂತ ಹೆಸರಿಟ್ಟ. ಮ್ಯಾಲೆ ಬಂದು ಗಾಳಿ ನುಂಗತೈತಿ. ಅದಕ್ಕ ಬಾಟ್ಲ್ಯಾಗೂ ಬದುಕತೈತಿ ಅಂತಾರ. ಗದ್ದಿ ನೀರು ಆಳ ಇಲ್ಲ ಖರೆ, ಹರವು ಎಷ್ಟ ಐತಿ ನೋಡ್ರಿ!

ಈ ಸಲ 20 ಲೀಟರಿನ ಅಗಲ ತೊಟ್ಟಿ ತಂದೆ. ಗುಳುಗುಳು ಅನ್ನೂ ಗಾಳಿ ಪಂಪ ಬ್ಯಾಡ. ರೊಕ್ಕಾ ಉಳೀತು, ಅತ್ತಿಯವರ ನಿದ್ದಿನೂ ಉಳೀತು. ಜಿಗೀತೈತಿ, ಮ್ಯಾಲೆ ಜಾಳಿಗಿ ಮುಚ್ಚೇನಿ. ವಾರಕ್ಕೆರಡು ಸಲ ಒಂದೀಟು ನೀರು ಬದಲಿ ಮಾಡ್ತೀನಿ.

ಆ ಹಳೇ ಬರಣ್ಯಾಗ ಉಪ್ಪಿನಕಾಯಿ ಹಾಕಾಕ ಮಗಳು ಇನ್ನೂ ಬಿಡವಲ್ಲಳು.